ಕೊಂಬಿನವನಿಗೊಂದು ಕೋಣೆ

ಈ ಕಥೆಯನ್ನು ನಾನು ಹೇಳಬಾರದು. ಹೇಳಲು ನನಗಿಂತ ಯೋಗ್ಯರು ಮೂವರಿದ್ದರು. ಅವರಲ್ಲಿ ಒಬ್ಬರು ಇದರ ಸುದ್ದಿ ಎತ್ತಿದರೆ ಇವತ್ತಿಗೂ ಮುಖ ತಿರುಗಿಸುತ್ತಾರೆ, ಇನ್ನೊಬ್ಬರಿಗೆ ಕಿವಿ ಮಂದವಾಗಿದೆ, ಮತ್ತೊಬ್ಬರು ಈಗ ಇಲ್ಲ. ಉಳಿದವನು ನಾನು. ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಕಲಿತ ವಿದ್ಯೆ ನನ್ನದು. ಎಲ್ಲಾದರೂ ತಪ್ಪು ಕಂಡರೆ ಅದು ಕಥೆಯದಲ್ಲ, ನನ್ನದೇ ಎಂದು ಮೊದಲೇ ಒಪ್ಪಿಕೊಂಡು, ಕ್ಷಮೆ ಕೇಳಿಕೊಂಡು ಶುರು ಮಾಡುತ್ತೇನೆ. ಒಂದು ಕಾರ್ಟೂನಿನ ವಿಷಯಕ್ಕೆ ಇಷ್ಟು ಪೀಠಿಕೆ ಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಒಬ್ಬ ಮನುಷ್ಯನಿಗೆ ಮನೆ ಸಿಗುತ್ತದೋ ಇಲ್ಲವೋ ಎಂಬುದು ಆ ಕಾರ್ಟೂನಿನ ಒಂದು ಕಂತಿಗೆ ಜೋತುಬಿದ್ದಿತ್ತು.

ಆ ಕಾಲದಲ್ಲಿ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಟಿ.ವಿ.ಯಲ್ಲಿ ಪರದೇಶದ ಧಾರಾವಾಹಿಯೊಂದು ಬರುತ್ತಿತ್ತು. ಮುಖವಾಡ ಹಾಕಿಕೊಂಡ ಐದು ಜನ ಮಹಾವೀರರು ವಾರಕ್ಕೊಂದು ಸಲ ಒಂದೇ ನಗರವನ್ನು ಉಳಿಸುತ್ತಿದ್ದರು. ಆ ನಗರ ಯಾಕೆ ವಾರವಾರವೂ ಅಪಾಯಕ್ಕೆ ಸಿಕ್ಕಿಕೊಳ್ಳುತ್ತಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಆ ವೀರರು ನಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದದ್ದು ನಮ್ಮ ಡಬ್ಬಿಂಗ್ ಸ್ಟುಡಿಯೋದ ಕೃಪೆಯಿಂದ. ಸ್ಟುಡಿಯೋ ಎಂದರೆ ಹಳೆಯ ಮುದ್ರಣಾಲಯದ ಮೇಲಿನ ಎರಡು ಕೋಣೆ. ಸದ್ದು ಹೀರಲೆಂದು ಗೋಡೆಗೆಲ್ಲ ಹಳೆಯ ಹಾಸಿಗೆಗಳನ್ನು ನಿಲ್ಲಿಸಿ ಮೊಳೆ ಹೊಡೆದಿದ್ದರು. ಕೆಳಗಿನ ರಸ್ತೆಯಲ್ಲಿ ಬಸ್ಸು ಹೋದರೆ ಮಹಾವೀರರು ಹಾರುವುದನ್ನು ನಿಲ್ಲಿಸಿ ಬಸ್ಸು ದಾಟುವವರೆಗೆ ಕಾಯಬೇಕಿತ್ತು. ಬಿಸಿಯಾದ ಯಂತ್ರದ ವಾಸನೆ, ಹಾಸಿಗೆಯ ಹಳೇ ಹತ್ತಿಯ ವಾಸನೆ, ಎರಡೂ ಸೇರಿದ ಆ ಗಾಳಿ ಈಗಲೂ ಎಲ್ಲಾದರೂ ಸುಳಿದರೆ ನಾನು ನಿಂತುಬಿಡುತ್ತೇನೆ.

ಅಲ್ಲಿ ನನ್ನ ಕೆಲಸ ಎರಡು. ಮಾತುಗಳನ್ನು ನಮ್ಮ ಭಾಷೆಗೆ ತಂದು ತುಟಿಯ ಅಳತೆಗೆ ಕತ್ತರಿಸುವುದು ಒಂದು. ಯಾವ ಪಾತ್ರಕ್ಕೆ ಯಾರ ದನಿ ಎಂಬ ಪಟ್ಟಿ ಬರೆಯುವುದು ಇನ್ನೊಂದು. ಪರದೇಶದ ಭಾಷೆಯಲ್ಲಿ ನಾನು ಎರಡನೇ ಸರ್ಟಿಫಿಕೇಟಿನವರೆಗೆ ಪಾಸಾಗಿದ್ದೆ. ನಿಘಂಟು ಪಕ್ಕದಲ್ಲಿದ್ದರೆ ಗಂಟೆಗೆ ನಾಲ್ಕು ಪುಟ ಓದುತ್ತಿದ್ದೆ. ಸ್ಟುಡಿಯೋದ ಯಜಮಾನರಿಗೆ ಇದೇ ದೊಡ್ಡ ವಿದ್ಯೆಯಾಗಿ ಕಂಡು ನನ್ನನ್ನು ‘ಸಂಜೆ ಪಂಡಿತರು’ ಎಂದು ಕರೆಯುತ್ತಿದ್ದರು. ಅದು ಗೌರವವೋ ಚೇಷ್ಟೆಯೋ ನಾನು ವಿಚಾರಿಸಲಿಲ್ಲ. ಗೌರವ ಎಂದುಕೊಂಡರೆ ಖರ್ಚಿಲ್ಲ.

ಪಟ್ಟಿ ಬರೆಯಲು ಬುದ್ಧಿ ಬೇಕಾಗಿರಲಿಲ್ಲ. ಪ್ರತಿ ಕಂತಿನ ಜೊತೆ ಪಾತ್ರಗಳ ಚಿತ್ರವಿದ್ದ ಒಂದು ಹಾಳೆ ಬರುತ್ತಿತ್ತು. ‘ಮೂಗು ನೋಡು, ಗಂಟಲು ಕೊಡು’ ಎಂಬುದು ಯಜಮಾನರ ಶಾಸನ. ಮೂಗು ನೆಟ್ಟಗಿದ್ದರೆ ಜೇನಣ್ಣ, ಮೂಗಿನ ಜಾಗದಲ್ಲಿ ಬೇರೇನಾದರೂ ಇದ್ದರೆ ಗುಡುಗಪ್ಪ. ಜೇನಣ್ಣ ನಮ್ಮ ಸ್ಟುಡಿಯೋದ ನಾಯಕದನಿ. ಎತ್ತರದ ಆಳು, ಬಿಳಿ ಅಂಗಿ, ಮಾತಾಡಿದರೆ ಕಿವಿಗೆ ಜೇನು ಸುರಿದ ಹಾಗೆ. ಹನ್ನೆರಡು ವರ್ಷದಲ್ಲಿ ಮೈಕಿನ ಮುಂದೆ ಅವರು ಒಂದು ಸುಳ್ಳನ್ನೂ ಆಡಿರಲಿಲ್ಲ.

ಗುಡುಗಪ್ಪನವರು ಹನ್ನೆರಡು ವರ್ಷದಲ್ಲಿ ಮೈಕಿನ ಮುಂದೆ ಒಂದು ನಿಜವನ್ನೂ ಆಡಿರಲಿಲ್ಲ. ಕೊಂಬು, ಕೋರೆ, ಗೂನು, ಒಂಟಿ ಕಣ್ಣು, ಎಲ್ಲ ಅವರ ಪಾಲು. ಮನುಷ್ಯ ಮಾತ್ರ ಐದಡಿ ಎರಡಂಗುಲ. ಬೇಸಿಗೆಯಲ್ಲೂ ಕೊರಳಿಗೆ ಮಫ್ಲರು, ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು. ಆ ದನಿ ಯಾರದೋ ದೊಡ್ಡ ದೇಹಕ್ಕೆಂದು ತಯಾರಾಗಿ ವಿಳಾಸ ತಪ್ಪಿ ಇವರಿಗೆ ಬಂದಂತಿತ್ತು. ಅಂಗಡಿಯಲ್ಲಿ ಒಂದು ಸೋಪು ಕೊಡಿ ಎಂದರೆ ಅಂಗಡಿಯವರು ಎರಡು ಕೊಟ್ಟು ಹಿಂದೆ ಸರಿಯುತ್ತಿದ್ದರು. ಬೀದಿ ದೀಪ ಉರಿಯುತ್ತಿಲ್ಲ ಎಂದು ವಿದ್ಯುತ್ ಕಚೇರಿಗೆ ಫೋನು ಮಾಡಿದ್ದಕ್ಕೆ ಮೂವರು ಏಣಿ ಸಮೇತ ಓಡಿಬಂದು, ದೀಪ ಸರಿಮಾಡಿ, ತಮಗೆ ಸಣ್ಣ ಸಣ್ಣ ಮಕ್ಕಳಿವೆ ಎಂದು ಹೇಳಿ ಹೋದರಂತೆ.

ಇಂಥವರಿಗೆ ಮನೆ ಖಾಲಿ ಮಾಡಬೇಕಾಗಿ ಬಂತು. ಅವರಿದ್ದ ಕಟ್ಟಡವನ್ನು ಕೆಡವುತ್ತಿದ್ದರು. ತಿಂಗಳ ಕೊನೆಯೊಳಗೆ ಬೇರೆ ಮನೆ ಹುಡುಕಬೇಕು. ಗಂಡ ಹೆಂಡತಿ ಇಬ್ಬರೇ. ಹದಿನಾಲ್ಕು ಮನೆ ನೋಡಿದರು. ಗೇಟಿನ ಹೊರಗೆ ನಿಂತಿರುವವರೆಗೆ ಎಲ್ಲ ಸರಿ. ಬಾಯಿ ತೆರೆದ ಕೂಡಲೇ ಮನೆ ಓನರಿಗೆ ತಮ್ಮ ಭಾವಮೈದ ನೆನಪಾಗುತ್ತಿದ್ದ; ಅವನಿಗೆ ಆಗಲೇ ಮಾತು ಕೊಟ್ಟಾಗಿದೆ ಎನ್ನುತ್ತಿದ್ದರು. ಈ ಊರಿನಲ್ಲಿ ಅಷ್ಟೊಂದು ಭಾವಮೈದುನರಿದ್ದಾರೆಂದು ನನಗೆ ಗೊತ್ತಾದದ್ದು ಆಗಲೇ.

ಹದಿನೈದನೆಯದು ನಾನು ತೋರಿಸಿದ ಮನೆ. ನಾವು ಬಾಡಿಗೆಗಿದ್ದ ಮನೆಯ ಮಹಡಿ ಖಾಲಿಯಿತ್ತು. ನಮ್ಮ ಓನರಮ್ಮ ನಿವೃತ್ತ ಮುಖ್ಯೋಪಾಧ್ಯಾಯಿನಿ, ಬೀದಿಗೆಲ್ಲ ‘ಹೆಡ್‌ಮಿಸ್ಸು’. ಭಾನುವಾರ ಬೆಳಗ್ಗೆ ಅವರ ಹಜಾರದ ದೊಡ್ಡ ಟಿ.ವಿ. ಮುಂದೆ ಅರ್ಧ ಬೀದಿ ಸೇರುತ್ತಿತ್ತು. ಮಹಾವೀರರ ಕಂತು ಮುಗಿದ ಮೇಲೆ ‘ಇದರಿಂದ ತಿಳಿದ ನೀತಿ ಏನು?’ ಎಂದು ಅವರು ಕೇಳದೆ ಯಾರನ್ನೂ ಎದ್ದು ಹೋಗಲು ಬಿಡುತ್ತಿರಲಿಲ್ಲ. ಅಂಥವರ ಗೇಟಿನಲ್ಲಿ ಗುಡುಗಪ್ಪನವರು ನಿಂತು ಮೆಲ್ಲಗೆ, ಮನೆ ನೋಡಬಹುದಾ ಎಂದು ಕೇಳಿದರು. ಹೆಡ್‌ಮಿಸ್ಸು ನನ್ನನ್ನು ಒಳಗೆ ಕರೆದರು.

"ಇವರನ್ನ ಎಲ್ಲೋ ಕೇಳಿದ್ದೀನಿ," ಎಂದರು. "ಹೋದ ತಿಂಗಳು ಅಣೆಕಟ್ಟು ಒಡೆದೋರು ಇವರೇ ಅಲ್ವಾ?"

ಅದು ಚಿತ್ರ, ಇವರು ಬರೀ ದನಿ ಕೊಟ್ಟವರು ಎಂದು ನಾನು ವಿವರಿಸಿದೆ.

"ದನಿ ಎಲ್ಲಿಂದ ಬಂತಪ್ಪಾ? ಮನುಷ್ಯನ ಒಳಗಿಂದ ತಾನೆ? ಒಳಗೆ ಇಲ್ದೇ ಇರೋದು ಹೊರಗೆ ಬರುತ್ತಾ? ನಲವತ್ತು ವರ್ಷ ಹಾಜರಿ ಕೂಗಿದ್ದೀನಿ. ‘ಹಾಜರ್ ಮಿಸ್’ ಅನ್ನೋ ದನಿ ಕೇಳಿಯೇ ಯಾರನ್ನ ಯಾವ ಬೆಂಚಿಗೆ ಕೂರಿಸ್ಬೇಕು ಅಂತ ಹೇಳ್ತಿದ್ದೆ."

ಹೆಡ್‌ಮಿಸ್ಸಿಗೆ ಭಾವಮೈದ ಇರಲಿಲ್ಲ. ಮನೆ ಕೊಡಲ್ಲ ಎಂದರೆ ಕೊಡಲ್ಲ. ಗುಡುಗಪ್ಪನವರು ಗೇಟಿನಿಂದಲೇ, ಪರವಾಗಿಲ್ಲ ಎಂದು ಹೇಳಿ ಹೊರಟರು. ಅದು ಕೇಳಿದವರಿಗೆ ‘ನೋಡ್ಕೋತೀನಿ’ ಎಂದಂತೆ ಕೇಳಿಸಿತು.

ಅದೇ ವಾರ ಆ ಕಂತು ಬಂತು.

ಪಾರ್ಸೆಲಿನಲ್ಲಿ ಯಾವಾಗಿನಂತೆ ಎರಡು ಲಕೋಟೆ, ಮೊದಲರ್ಧದ ಮಾತು ಒಂದರಲ್ಲಿ, ಎರಡನೇ ಅರ್ಧದ್ದು ಇನ್ನೊಂದರಲ್ಲಿ. ಆ ಶುಕ್ರವಾರ ನನಗೆ ಮೂರನೇ ಸರ್ಟಿಫಿಕೇಟಿನ ಪರೀಕ್ಷೆ. ಅದರ ಗಡಿಬಿಡಿಯಲ್ಲಿ ಮೊದಲ ಲಕೋಟೆಯನ್ನಷ್ಟೇ ಓದಿದ್ದೆ. ಸೋಮವಾರ ಯಜಮಾನರು, ಪೂರ್ತಿ ಓದಿದ್ರಾ ಪಂಡಿತರೇ ಎಂದರು. ಪಂಡಿತರೇ ಎಂದು ಕರೆಸಿಕೊಂಡ ಮೇಲೆ ಅರ್ಧ ಓದಿದೆ ಎಂದು ಹೇಗೆ ಹೇಳುವುದು? ಓದಿದೆ ಸಾರ್ ಎಂದೆ. ನನ್ನ ಇಡೀ ಜೀವನದಲ್ಲಿ ನಾನಾಡಿದ ಇಷ್ಟು ಸಣ್ಣ ಸುಳ್ಳು ಇಷ್ಟು ದೂರ ಹೋದದ್ದಿಲ್ಲ.

ಮೊದಲರ್ಧದ ಕಥೆ ಇಷ್ಟು. ಎರಡು ಕೊಂಬು, ಒಂದು ಕೋರೆಹಲ್ಲು, ಗಂಟುಗಂಟಾದ ನೀಲಿ ಮೈಯ ಒಬ್ಬ ಪರದೇಶಿ ಆ ನಗರಕ್ಕೆ ಬರುತ್ತಾನೆ. ಮನೆಮನೆಗೆ ಹೋಗಿ ಇರಲು ಒಂದು ಕೋಣೆ ಕೇಳುತ್ತಾನೆ. ಯಾರೂ ಕೊಡುವುದಿಲ್ಲ. ಅದೇ ದಿನ ದೊಡ್ಡ ಸೇತುವೆ ಕುಸಿಯುತ್ತದೆ. ಇವನೇ ಬೀಳಿಸಿದ್ದೆಂದು ಊರೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ. ಮುಂದೆ ನಿಂತು ಅಟ್ಟಿಸುವವನು ಹೊಂಬಣ್ಣದ ಕೂದಲಿನ, ನೇರ ಮೂಗಿನ, ಬಿಳಿ ಮೇಲಂಗಿಯ ಒಬ್ಬ ಹೊಸ ವೀರ. ನಾನು ಚಿತ್ರದ ಹಾಳೆ ನೋಡಿದೆ. ಮೂಗಿನವನಿಗೆ ಜೇನಣ್ಣ, ಕೊಂಬಿನವನಿಗೆ ಗುಡುಗಪ್ಪ ಎಂದು ಬರೆದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಮಂಗಳವಾರ ಮೊದಲರ್ಧದ ರೆಕಾರ್ಡಿಂಗು ಹೂವೆತ್ತಿದಂತೆ ಆಯಿತು. ‘ಕೋಣೆ ಇದೆಯಾ’ ಎಂಬ ಎರಡೇ ಪದವನ್ನು ಗುಡುಗಪ್ಪನವರು, ಕೋಣೆ ಕೊಟ್ಟವರನ್ನು ಬೆಳಗಾಗುವುದರೊಳಗೆ ಮುಗಿಸುವವರಂತೆ ಹೇಳಿದರು. ಯಜಮಾನರು ಬೆನ್ನು ತಟ್ಟಿದರು.

ಬುಧವಾರ ಬೆಳಗ್ಗೆ ಬಸ್ಸಿನಲ್ಲಿ ನಾನು ಎರಡನೇ ಲಕೋಟೆ ಒಡೆದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನನ್ನ ನಿಲ್ದಾಣ ದಾಟಿಹೋಗಿತ್ತು. ಸೇತುವೆ ಬೀಳಿಸಿದ್ದು ಮೂಗಿನವನು. ಬೀಳಿಸಿ, ತಾನೇ ಜನರನ್ನು ಉಳಿಸಿ, ಹೆಸರು ಮಾಡಬೇಕೆಂದು. ಕೊಂಬಿನವನೋ, ಸೇತುವೆಯ ಕೆಳಗೆ ಹೆಗಲು ಕೊಟ್ಟು ನಿಂತು ಎರಡು ಬಸ್ಸಿನಷ್ಟು ಜನರನ್ನು ದಾಟಿಸಿದವನು. ಮುಖ ನೋಡಿ ಮನುಷ್ಯನನ್ನು ಅಳೆಯಬಾರದು ಎಂಬುದೇ ಆ ಕಂತಿನ ಸಾರ. ಆ ಕಂತಿಗೆ ನಾನು ಮೂಗು ಅಳೆದು ಪಟ್ಟಿ ಬರೆದಿದ್ದೆ. ಎರಡು ನಿಲ್ದಾಣ ಹಿಂದಕ್ಕೆ ನಡೆದು ಬಂದೆ. ಇನ್ನೂ ಹತ್ತು ನಿಲ್ದಾಣವಿದ್ದರೆ ಚೆನ್ನಾಗಿತ್ತು ಎನಿಸಿತು.

ಹೇಳಬೇಕು ಎಂದುಕೊಂಡೇ ಒಳಗೆ ಹೋದೆ. ಹೇಳುವುದನ್ನು ಮುಂದೂಡುತ್ತ ಮಧ್ಯಾಹ್ನದವರೆಗೆ ಎರಡನೇ ಅರ್ಧದ ಮಾತುಗಳನ್ನು ಬರೆದೆ; ತಲೆ ಎತ್ತುವಷ್ಟರಲ್ಲಿ ಜೇನಣ್ಣ ಗಾಜಿನ ಆಚೆ, ಮೈಕಿನ ಮುಂದೆ, ಕೈಯಲ್ಲಿ ಹಾಳೆ ಹಿಡಿದು ನಿಂತುಬಿಟ್ಟಿದ್ದರು. ಮೊದಲ ಸಾಲು ಓದಿದರು: "ಹೌದು, ಸೇತುವೆ ಬೀಳಿಸಿದ್ದು ನಾನೇ." ಓದಿ ಹಾಳೆ ತಿರುವಿ ನೋಡಿದರು.

"ಇದು ಯಾರ ಮಾತು?"

"ನಿಮ್ಮದೇ ಸಾರ್," ಎಂದೆ.

"ಸೇತುವೇನ ನಾನ್ಯಾಕೆ ಬೀಳಿಸ್ತೀನಿ?"

"ಕಥೇಲಿ ಹಾಗಿದೆ ಸಾರ್."

"ಕಥೇಲಿ ಇರಬಹುದು. ನನಗೆ ಅಭ್ಯಾಸ ಇಲ್ಲ."

ಅವರು ಹೊರಗೆ ಬಂದು ಕುರ್ಚಿಯಲ್ಲಿ ಕೂತು ತಮ್ಮ ಕಷ್ಟ ಹೇಳಿಕೊಂಡರು. ಶಾಲೆಗಳಲ್ಲಿ ಬಹುಮಾನ ಕೊಡಲು ಅವರನ್ನು ಕರೆಯುತ್ತಾರೆ. ನಾದಿನಿಗೆ ಗಂಡು ನೋಡುತ್ತಿದ್ದಾರೆ, ಗಂಡಿನ ಮನೆಯವರು ಒಲಿದಿರುವುದೇ ಇವರ ದನಿಗೆ. ಈ ಭಾನುವಾರ ಅವರೆಲ್ಲ ಟಿ.ವಿ. ಮುಂದೆ ಕೂತಿರುವಾಗ ಇವರು ಸೇತುವೆ ಬೀಳಿಸಿದರೆ ಸಂಬಂಧ ಉಳಿದೀತೇ? ಒಳ್ಳೆಯ ಪಾತ್ರ ಹನ್ನೆರಡು ವರ್ಷದಿಂದ ತಮ್ಮದು, ಆದ್ದರಿಂದ ಕೊಂಬಿನವನನ್ನು ತಮಗೇ ಬಿಟ್ಟುಕೊಡಬೇಕು ಎಂದು ಪಟ್ಟುಹಿಡಿದು ಹೆಂಡತಿಗೆ ಫೋನು ಮಾಡಿದರು.

ಯಜಮಾನರು ಬಂದರು. ನನ್ನನ್ನು ಹಾಸಿಗೆ ಹೊಡೆದ ಗೋಡೆಗೆ ಒರಗಿಸಿ ನಿಲ್ಲಿಸಿದರು.

"ಪಂಡಿತರೇ, ನೀವು ಪೂರ್ತಿ ಓದಿದ್ರಿ ತಾನೆ?"

"ಓದಿದ್ದೆ ಸಾರ್."

"ಓದಿಯೂ ಕೊಂಬಿನವನಿಗೆ ಗುಡುಗಪ್ಪನ್ನ ಹಾಕಿದ್ರಿ."

"ಹೌದು ಸಾರ್."

"ಅಂದ್ರೆ ಬೇಕೂಂತಲೇ."

ಇಲ್ಲಿ ನಾನು ನಿಜ ಹೇಳಬಹುದಿತ್ತು. ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಪಂಡಿತ ಎಂಬ ಹೆಸರು ಹೋಗುತ್ತಿತ್ತು. ಬಾಯಿ ನನ್ನನ್ನು ಕೇಳದೆ ಮಾತಾಡಿತು: "ಒಳ್ಳೆಯವನಿಗೆ ಜೇನಣ್ಣೋರ ದನಿ ಇದ್ರೆ ಮೊದಲನೇ ನಿಮಿಷದಲ್ಲೇ ಗೊತ್ತಾಗ್ಬಿಡುತ್ತೆ ಸಾರ್. ಊರಿನವರು ಮುಖ ನೋಡಿ ಮೋಸ ಹೋಗ್ತಾರೆ. ಮನೇಲಿ ಕೂತಿರೋರು ದನಿ ಕೇಳಿ ಮೋಸ ಹೋಗ್ಲಿ ಅಂತ."

ಯಜಮಾನರು ರೆಕಾರ್ಡಿಂಗ್ ಯಂತ್ರದ ಮುಂದಿದ್ದ ಸೌಂಡಿನವರ ಕಡೆ ತಿರುಗಿ, ಸಂಜೆ ಕಾಲೇಜಿನಲ್ಲಿ ಇದನ್ನೂ ಹೇಳಿಕೊಡ್ತಾರೆ ನೋಡ್ರಿ ಎಂದರು. ಆ ಕ್ಷಣದಿಂದ ನಾನು ಯೋಚನೆ ಮಾಡುವ ಮನುಷ್ಯ ಎಂದಾಯಿತು. ಯೋಚನೆ ಮಾಡದೆ ಸಂಪಾದಿಸಿದ ಕೀರ್ತಿ ಅದು.

ಕಷ್ಟ ಮುಗಿಯಲಿಲ್ಲ. ಗುಡುಗಪ್ಪನವರ ಸರದಿ ಬಂತು. ಊರಿಗೆ ಸತ್ಯ ತಿಳಿದ ಮೇಲೆ ಕೊಂಬಿನವನು ಮೊದಲು ತಟ್ಟಿದ ಬಾಗಿಲ ಮುಂದೆ ಮತ್ತೆ ಬಂದು ನಿಲ್ಲುತ್ತಾನೆ. ಅಲ್ಲಿ ನಾನು, ‘ಓ ನಗರವಾಸಿಗಳೇ, ನಿಮಗೆ ಕೇಡು ಬಗೆಯಲು ಬಂದವನಲ್ಲ ನಾನು’ ಎಂದು ಬರೆದಿದ್ದೆ. ಗುಡುಗಪ್ಪನವರು ಬಿಸಿನೀರು ಕುಡಿದು, ಕಣ್ಣು ಮುಚ್ಚಿ ಹೇಳಿದರು. ಸೌಂಡಿನವರು ಎದ್ದು ಹೋಗಿ ಬಾಗಿಲಿನ ಚಿಲಕ ನೋಡಿ ಬಂದರು. ಇನ್ನೊಮ್ಮೆ. ಈ ಸಲ ನಗರವಾಸಿಗಳಿಗೆ ಕೇಡು ಖಂಡಿತ ಎನಿಸಿತು. ನಕ್ಕು ಹೇಳಿ ಎಂದರು. ನಕ್ಕು ಹೇಳಿದ್ದು ಎಲ್ಲಕ್ಕಿಂತ ಭಯಂಕರವಾಗಿತ್ತು. ಹೀಗೆ ಹನ್ನೊಂದು ಸಲ.

ಮೊದಲರ್ಧವನ್ನು ಮತ್ತೆ ಮಾಡಲು ದಿನವಿರಲಿಲ್ಲ. ಯಜಮಾನರು ತಲೆ ಹಿಡಿದುಕೊಂಡು ಒಂದು ಉಪಾಯ ತೆಗೆದರು. ನಿರಪರಾಧಿ ಎಂದು ಗೊತ್ತಾದ ಕೂಡಲೇ ಕೊಂಬಿನವನ ಗಂಟಲು ಸರಿಹೋಗಿ ಜೇನಣ್ಣನ ದನಿ ಬರಲಿ, ತಪ್ಪು ಒಪ್ಪಿಕೊಂಡ ಕೂಡಲೇ ಮೂಗಿನವನ ಗಂಟಲು ಒಡೆದು ಗುಡುಗಪ್ಪನ ದನಿ ಬರಲಿ, ಇದಕ್ಕೆ ಸರಿಯಾಗಿ ಒಂದು ಸಾಲು ಸೇರಿಸಿ ಎಂದು ನನಗೆ ಅಪ್ಪಣೆ ಮಾಡಿದರು. ಎಂಥ ಸಾಲು ಎಂದು ಕೇಳಿದೆ. ‘ಆಹಾ, ನನ್ನ ಗಂಟಲು ತಿಳಿಯಾಯಿತು’ ಎಂಬಂಥದ್ದು ಎಂದರು.

ನನಗೆ ಹೆಡ್‌ಮಿಸ್ಸಿನ ಹಜಾರ ಕಣ್ಣಿಗೆ ಬಂತು. ಭಾನುವಾರ ಅಲ್ಲಿ ಗುಡುಗಪ್ಪನವರ ದನಿ, ‘ಸೇತುವೆ ಬೀಳಿಸಿದ್ದು ನಾನೇ’ ಎಂದರೆ ಮುಗಿಯಿತು. ತಿಂಗಳು ಮುಗಿಯಲು ಆ ಭಾನುವಾರದಿಂದಾಚೆ ಮೂರೇ ದಿನ. ಅವರ ಹೆಂಡತಿ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು, ಎಲ್ಲಿಗೆ ಎಂದು ಗೊತ್ತಿಲ್ಲದೆ.

ಇದನ್ನು ಹೇಳೋಣವೆಂದರೆ ಗುಡುಗಪ್ಪನವರೇ ಅಡ್ಡ ಬಂದರು.

"ಯಜಮಾನ್ರು ಹೇಳೋದು ಸರಿ," ಎಂದರು. "ಒಳ್ಳೇ ಮಾತು ನನ್ನ ಬಾಯಲ್ಲಿ ಬಂದ್ರೆ ಯಾರು ನಂಬ್ತಾರೆ? ಕೇಳ್ತಾ ಇದ್ರೆ ನನಗೇ ನಂಬಿಕೆ ಬರಲ್ಲ. ಜೇನಣ್ಣೋರಿಗೇ ಕೊಟ್ಬಿಡಿ."

ಅಷ್ಟು ಹೊತ್ತಿಗೆ ಜೇನಣ್ಣನ ಹೆಂಡತಿ ತಮ್ಮನನ್ನೂ ತಂಗಿಯನ್ನೂ ಕರೆದುಕೊಂಡು ಜಗಳಕ್ಕೆ ಸಿದ್ಧರಾಗಿ ಮೆಟ್ಟಿಲು ಹತ್ತಿ ಬಂದರು. ಯಾರು ನಮ್ಮೆಜಮಾನ್ರ ಹೆಸರು ಕೆಡಿಸೋದು ಎಂದು ಕೇಳುತ್ತಿದ್ದಂತೆ ಸೌಂಡಿನವರು, ನೀವೇ ಒಂದು ಸಲ ಕೇಳಿ ನೋಡಿ ಅಕ್ಕಾ ಎಂದು ಕಿವಿಗೆ ಹೆಡ್‌ಫೋನು ಕೊಟ್ಟರು. ಜೇನಣ್ಣ ಹೇಗಿದ್ದರೂ ಒಂದು ಸಲ ಓದಿದ್ದರಲ್ಲ, ಅದನ್ನೇ ಹಾಕಿದರು. ಆಕೆ ಕೇಳಿದರು. ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. ಮುಖದ ಮೇಲೆ ಮೆಲ್ಲಗೆ ಒಂದು ಬೆಳಕು ಹರಡಿತು.

"ಇದೇ," ಎಂದರು ತಮ್ಮನ ಕಡೆ ತಿರುಗಿ. "ನಾನು ಹೇಳಿದ್ರೆ ನೀವ್ಯಾರೂ ನಂಬ್ತಿರ್ಲಿಲ್ವಲ್ಲ. ಕಾಫಿ ಆರಿದ್ರೆ ಮನೇಲಿ ಬರೋ ದನಿ ಇದೇ."

ತಮ್ಮ ಕೇಳಿ ಹೌದೆಂದ. ತಂಗಿ ಕೇಳಿ, ಭಾವ ಎಷ್ಟು ಸಹಜವಾಗಿ ಮಾಡಿದ್ದಾರೆ, ಹನ್ನೆರಡು ವರ್ಷದಲ್ಲಿ ಇಷ್ಟು ಚೆನ್ನಾಗಿ ಮಾಡಿರಲಿಲ್ಲ ಎಂದಳು. ಇದನ್ನು ತೆಗೆಯಲೇಕೂಡದು ಎಂದು ಮೂವರೂ ಪಟ್ಟುಹಿಡಿದರು. ಜೇನಣ್ಣ ಬಾಯಿ ತೆರೆದರು, ಏನು ಹೇಳಿದರೂ ಯಾವ ದನಿ ಬರುವುದೋ ಎಂದು ಹೆದರಿದವರಂತೆ ಹಾಗೇ ಮುಚ್ಚಿದರು.

ಉಳಿದದ್ದು ಗುಡುಗಪ್ಪನವರ ಒಂದು ಮಾತು. ನಾನು ಅಂಜುತ್ತಲೇ ಗಾಜಿನ ಆಚೆ ಹೋದೆ. ಹಾಳೆಯ ಮೇಲಿದ್ದ ನಗರವಾಸಿಗಳನ್ನು ಹೊಡೆದುಹಾಕಿದೆ. ಕೋರೆಹಲ್ಲಿನಿಂದಾಗಿ ಕೊಂಬಿನವನ ತುಟಿ ಸರಿಯಾಗಿ ಆಡುತ್ತಿರಲಿಲ್ಲ, ಯಾವ ಮಾತಾದರೂ ಹಿಡಿಸುತ್ತಿತ್ತು. ನೀವು ಮನೆ ಕೇಳೋಕೆ ಹೋದಾಗ ಗೇಟಲ್ಲಿ ನಿಂತು ಏನು ಹೇಳ್ತೀರಿ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ನನ್ನನ್ನೇ ಮನೆ ಓನರು ಎಂದುಕೊಂಡವರಂತೆ ಮಫ್ಲರು ಸರಿಮಾಡಿಕೊಂಡು ಹೇಳಿದರು:

"ನಾವಿಬ್ಬರೇ ಇರೋದು. ಸದ್ದು ಗಲಾಟೆ ಏನಿಲ್ಲ. ಒಂದು ತಿಂಗಳು ನೋಡಿ. ಸರಿಹೋಗ್ಲಿಲ್ಲ ಅಂದ್ರೆ ನಾವೇ ಹೋಗ್ತೀವಿ."

ಹದಿನೈದು ಬಾಗಿಲಲ್ಲಿ ಹೇಳಿ ಹೇಳಿ ಸವೆದ ಮಾತು ಅದು. ಅದರಲ್ಲಿ ಗುಡುಗಲು ಏನೂ ಉಳಿದಿರಲಿಲ್ಲ. ಸೌಂಡಿನವರು ಯಂತ್ರ ನಿಲ್ಲಿಸಿರಲಿಲ್ಲ. ಕೆಳಗೆ ಒಂದು ಬಸ್ಸು ಹೋಯಿತು. ಆಮೇಲೆ ಸೌಂಡಿನವರು, ಪರದೆ ಮೇಲೆ ಒಬ್ಬನೇ ಇದ್ದಾನಲ್ಲ, ‘ನಾವಿಬ್ಬರೇ’ ಅಂದುಬಿಟ್ರಲ್ಲ ಎಂದು ನೆನಪಿಸಿದರು. ಇನ್ನೊಂದು ಸಲ ಹೇಳಿಸಿದ್ರೆ ಮತ್ತೆ ಕೇಡಿಯಾಗ್ತಾರೆ, ಇರಲಿ ಬಿಡಿ ಎಂದರು ಯಜಮಾನರು.

ಗುರುವಾರ ವಾಹಿನಿಯ ಅಧಿಕಾರಿ ಬಂದು ನೋಡಿದರು. ಅವರು ನೋಡಿ ಸಹಿ ಹಾಕದೆ ಯಾವುದೂ ಪ್ರಸಾರವಾಗುವಂತಿರಲಿಲ್ಲ. ಪೂರ್ತಿ ನೋಡಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಆಕ್ಷೇಪ ಎತ್ತಿದರು. ಕೊಂಬಿರುವವರು ಕೆಟ್ಟವರು ಎಂದು ಪ್ರೇಕ್ಷಕರಿಗೆ ವಾಹಿನಿಯೇ ಎಷ್ಟೋ ವರ್ಷದಿಂದ ಅಭ್ಯಾಸ ಮಾಡಿಸಿದೆ. ಈಗ ಇದ್ದಕ್ಕಿದ್ದಂತೆ ಒಳ್ಳೆಯವರೆಂದರೆ ದೂರು ಬರುತ್ತದೆ, ಉತ್ತರ ಬರೆಯುವವರು ಯಾರು? ಆದ್ದರಿಂದ ಕಂತಿನ ಆರಂಭದಲ್ಲೇ ಒಂದು ಸೂಚನೆ ಹಾಕಬೇಕು. ಆರಂಭದಲ್ಲಿ ಹಾಕಿದರೆ ಕಥೆಯೇ ಹೋಯಿತು ಎಂದು ಯಜಮಾನರು ಕೈಮುಗಿದರು. ಒಂದು ಗಂಟೆಯ ಚರ್ಚೆ, ಮೂರು ಲೋಟ ಕಾಫಿಯ ನಂತರ ಸೂಚನೆ ಕೊನೆಗೆ ಹೋಯಿತು. ಅದನ್ನು ಬರೆದವನು ನಾನೇ, ತಿದ್ದಿದವರು ಅಧಿಕಾರಿ: ‘ಈ ಕಂತಿನಲ್ಲಿ ಕೊಂಬು ಹೊಂದಿದ್ದ ವ್ಯಕ್ತಿಯು ಒಳ್ಳೆಯವರಾಗಿದ್ದರೆಂದು ಈ ಮೂಲಕ ತಿಳಿಯಪಡಿಸಲಾಗಿದೆ.’ ನಾನು ‘ಒಳ್ಳೆಯವನು’ ಎಂದು ಬರೆದಿದ್ದೆ. ನಿರಪರಾಧಿಗೆ ಏಕವಚನ ಸಲ್ಲದು ಎಂದು ಅವರು ಬಹುವಚನ ಮಾಡಿದರು.

ಶುಕ್ರವಾರದ ಪರೀಕ್ಷೆಯಲ್ಲಿ ನಾನು, ಕೊಟ್ಟ ಭಾಗವನ್ನು ಪೂರ್ತಿ ಓದದೆ ಉತ್ತರ ಬರೆದು ನಪಾಸಾದೆ. ಅದು ಈ ಕಥೆಗೆ ಸಂಬಂಧಪಟ್ಟದ್ದಲ್ಲ, ಆದರೂ ಮುಚ್ಚಿಡಬಾರದು.

ಭಾನುವಾರ ಹಜಾರ ತುಂಬಿತ್ತು. ಹೆಡ್‌ಮಿಸ್ಸು ಕುರ್ಚಿಯಲ್ಲಿ, ಬೀದಿಯ ಮಕ್ಕಳು ನೆಲದ ಮೇಲೆ, ಇಸ್ತ್ರಿಯವರು, ಪೋಸ್ಟಿನವರು, ನನ್ನ ಹೆಂಡತಿ, ನಾನು ಹಿಂದೆ ಗೋಡೆಗೊರಗಿ. ಕೊಂಬಿನವನು ‘ಕೋಣೆ ಇದೆಯಾ’ ಎಂದ ಕೂಡಲೇ ಮಕ್ಕಳು ಹಿಂದಕ್ಕೆ ಸರಿದವು. ಹೆಡ್‌ಮಿಸ್ಸು ನನ್ನ ಕಡೆ ತಿರುಗಿ, ನಾನು ಹೇಳಿರ್ಲಿಲ್ವಾ ಎಂಬಂತೆ ತಲೆಯಾಡಿಸಿದರು. ಸೇತುವೆ ಬಿತ್ತು. ಜಾಹೀರಾತು ಬಂತು. ಹೆಡ್‌ಮಿಸ್ಸು ಟಿ.ವಿ.ಯ ಸದ್ದು ತಗ್ಗಿಸಿ, ಸೇತುವೆ ಬೀಳಿಸಿದ್ದು ಕೊಂಬಿನವನೇ ಅನ್ನೋರು ಕೈ ಎತ್ತಿ ಎಂದರು. ಎಲ್ಲ ಕೈ ಮೇಲಕ್ಕೆ ಹೋದವು. ಪೋಸ್ಟಿನವರು ಎರಡೂ ಕೈ ಎತ್ತಿದ್ದರು. ನಿಜ ಸಂಗತಿಯನ್ನು ನಾನು ಮೊದಲೇ ಹೇಳಿದ್ದ ನನ್ನ ಹೆಂಡತಿಯೂ ಎತ್ತಿದ್ದಳು. ಯಾಕೆ ಎಂದು ಪಿಸುಗುಟ್ಟಿ ಕೇಳಿದೆ. ಎಲ್ಲರೂ ಎತ್ತಿದ್ರಲ್ಲ, ನಿಮ್ದು ನೋಡ್ಕೊಳ್ಳಿ ಎಂದಳು. ನೋಡಿಕೊಂಡೆ. ನನ್ನ ಕೈಯೂ ಮೇಲಿತ್ತು. ಸಂಜೆ ಕಾಲೇಜಿನ ಅಭ್ಯಾಸ. ಮೇಷ್ಟ್ರು ಕೇಳಿದಾಗ ಹೆಚ್ಚು ಕೈ ಎತ್ತ ಇದ್ದವೋ ಅತ್ತ ನನ್ನದೂ ಇರುತ್ತಿತ್ತು.

ಎರಡನೇ ಅರ್ಧ ಶುರುವಾಯಿತು. ಜೇನಿನಂಥ ದನಿ, ಸೇತುವೆ ಬೀಳಿಸಿದ್ದು ನಾನೇ ಎಂದಾಗ ಪೋಸ್ಟಿನವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಕೊಂಬಿನವನು ಬಾಗಿಲ ಮುಂದೆ ನಿಂತು, ನಾವಿಬ್ಬರೇ ಇರೋದು, ಸದ್ದು ಗಲಾಟೆ ಏನಿಲ್ಲ ಎಂದ. ಬಾಗಿಲು ತೆರೆಯಿತು. ಕೊನೆಯಲ್ಲಿ ನನ್ನ ಸೂಚನೆ ಬಂತು. ಇಸ್ತ್ರಿಯವರು ಅದನ್ನು ಗಟ್ಟಿಯಾಗಿ ಓದಿ, ಸರ್ಕಾರನೇ ಹೇಳಿದ ಮೇಲೆ ನಿಜ ಬಿಡಿ ಎಂದರು. ತಮಗೆ ಮೊದಲೇ ಅನುಮಾನವಿತ್ತು ಎಂದರು ಪೋಸ್ಟಿನವರು.

ಹೆಡ್‌ಮಿಸ್ಸು ಆ ದಿನ ನೀತಿ ಏನು ಎಂದು ಕೇಳಲಿಲ್ಲ. ಮಕ್ಕಳು ಕಾದು ಕಾದು ತಾವೇ ಎದ್ದುಹೋದವು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು.

"ಆ ದನಿ ಅಲ್ಲಿ ಹಾಕಿದ್ದು ಯಾರು?"

"ನಾನೇ ಮೇಡಂ."

"ಬೇಕೂಂತ ಹಾಕಿದ್ರಾ?"

"ಹೌದು ಮೇಡಂ." ಒಂದೇ ಸುಳ್ಳನ್ನು ಎರಡನೇ ಸಲ ಹೇಳುವಾಗ ಅಷ್ಟು ಬೆವರುವುದಿಲ್ಲ ಎಂದು ತಿಳಿಯಿತು.

ಅವರು ಆರಿದ ಪರದೆಯ ಕಡೆ ಕೈ ತೋರಿಸಿದರು. "ನಾವಿಬ್ಬರೇ ಅಂದನಲ್ಲ. ಒಬ್ಬನೇ ಇದ್ದ. ಇನ್ನೊಬ್ಬರೆಲ್ಲಿ?"

"ಮನೇಲಿದ್ದಾರೆ ಮೇಡಂ," ಎಂದೆ. ಇದು ಮಾತ್ರ ನಿಜ. "ಪಾತ್ರೆ ಕಟ್ತಾ ಇದ್ದಾರೆ. ಬುಧವಾರ ಖಾಲಿ ಮಾಡ್ಬೇಕು."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸುವಷ್ಟು ಧೂಳು ಅದರ ಮೇಲಿರಲಿಲ್ಲ.

"ನಲವತ್ತು ವರ್ಷ," ಎಂದರು. "ಎಷ್ಟು ಮಕ್ಕಳನ್ನ ತಪ್ಪು ಬೆಂಚಿಗೆ ಕೂರಿಸಿದ್ನೋ ಏನೋ. ಈಗ ಕೇಳೋಣ ಅಂದ್ರೆ ಯಾರೂ ಸಿಗಲ್ಲ." ಆಮೇಲೆ ಹಳೆಯ ಗತ್ತಿನಲ್ಲೇ, "ಸಾಯಂಕಾಲ ಇಬ್ಬರನ್ನೂ ಕರ್ಕೊಂಡು ಬನ್ನಿ. ಗೇಟಲ್ಲಿ ನೀವು ಬಾಯಿ ಹಾಕ್ಬೇಡಿ, ಅವರೇ ಮಾತಾಡ್ಲಿ," ಎಂದರು.

ಐದು ಗಂಟೆಗೆ ಬಂದರು. ಹೆದರಿಕೆಯಿಂದ ಗುಡುಗಪ್ಪನವರು ಬರೀ ಕೈಮುಗಿದು ನಿಂತರು. ಜೋರಾಗಿ ಮಾತಾಡಿ, ಬೀದಿಗೆಲ್ಲ ಒಂದೇ ಸಲ ಅಭ್ಯಾಸ ಆಗಿಹೋಗ್ಲಿ ಎಂದರು ಹೆಡ್‌ಮಿಸ್ಸು. ಏನು ಮಾತಾಡುವುದು? ಗುಡುಗಪ್ಪನವರು ಹೆಂಡತಿಯ ಮುಖ ನೋಡಿದರು, ಫ್ಲಾಸ್ಕು ನೋಡಿದರು, ಕೊನೆಗೆ, ಮೇಲೆ ಬಿಸಿನೀರು ಬರುತ್ತಾ ಎಂದು ಕೇಳಿದರು. ಎದುರು ಸಾಲಿನಲ್ಲಿ ಪಟಪಟನೆ ಕಿಟಕಿಗಳು ಮುಚ್ಚಿಕೊಂಡವು. ಹೆಡ್‌ಮಿಸ್ಸು ತಲೆ ಎತ್ತಿ ಎಣಿಸಿದರು.

"ಬರುತ್ತೆ," ಎಂದರು. "ಎರಡೇ ಕಿಟಕಿ. ಪರವಾಗಿಲ್ಲ, ಬನ್ನಿ ಒಳಗೆ."

ಹನ್ನೊಂದು ವರ್ಷ ಅವರು ನಮ್ಮ ಮೇಲಿನ ಮನೆಯಲ್ಲಿದ್ದರು. ಆ ಹನ್ನೊಂದು ವರ್ಷ ಬೀದಿ ನಲ್ಲಿಯ ಮುಂದೆ ಜಗಳವಾಗಲಿಲ್ಲ. ಮಹಡಿಯಿಂದ ಅವರು, ಸರತಿಯಲ್ಲಿ ಹಿಡ್ಕೊಳ್ಳಿ ಎಂದರೆ ಸಾಕಿತ್ತು. ಶಾಲೆಗೆ ಹೋಗಲು ಅಳುವ ಮಕ್ಕಳನ್ನು ಅಮ್ಮಂದಿರು ಅವರ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದರು. ಅವರು ಪಾಪ, ಹೋಗು ಪುಟ್ಟ ಎಂದು ಮುದ್ದಾಡಿ ಹೇಳಿದರೆ ಮಗು ಹಿಂದೆ ತಿರುಗಿ ನೋಡದೆ ಓಡುತ್ತಿತ್ತು. ಜೇನಣ್ಣನ ನಾದಿನಿಯ ಮದುವೆಯೂ ಆಯಿತು. ಗಂಡಿನ ತಂದೆ ಊಟಕ್ಕೆ ಕೂತಾಗ ಮಾತ್ರ, ಆ ಸೇತುವೆ ವಿಷಯ ಏನಾಯ್ತು ಎಂದು ಎರಡು ಸಲ ಕೇಳಿದರಂತೆ. ಸ್ಟುಡಿಯೋ ಇದ್ದಲ್ಲಿ ಈಗ ಕನ್ನಡಕದ ಅಂಗಡಿ. ಮೊನ್ನೆ ಕಣ್ಣು ತೋರಿಸಲು ಹೋದಾಗ ಗೋಡೆಯಲ್ಲಿ ಮೊಳೆಯ ತೂತುಗಳನ್ನು ಹುಡುಕಿದೆ. ಎಲ್ಲ ಮುಚ್ಚಿ ಬಣ್ಣ ಬಳಿದಿದ್ದಾರೆ.

ಗುಡುಗಪ್ಪನವರು ಯಾರು ಬಂದರೂ ನನ್ನನ್ನು ತೋರಿಸಿ, ಇವರು ಪೂರ್ತಿ ಓದಿ, ಯೋಚನೆ ಮಾಡಿ, ಬೇಕೂಂತಲೇ ನನಗೆ ಆ ಪಾತ್ರ ಕೊಟ್ಟರು ಎನ್ನುತ್ತಿದ್ದರು. ನಾನು ನೆಲ ನೋಡುತ್ತಿದ್ದೆ, ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು. ಒಂದು ಸಲ ತಡೆಯಲಾರದೆ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿ ಹೇಳಲು ಹೊರಟೆ. ಆ ಕಂತಿನ ವಿಷಯದಲ್ಲಿ ನಿಮಗೊಂದು ಮಾತು ಹೇಳಬೇಕಿತ್ತು, ಆ ಎರಡನೇ ಲಕೋಟೆ ಇದೆಯಲ್ಲ ಎಂದೆ.

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಬಿಡಿ ಪಂಡಿತರೇ," ಎಂದರು. "ಓದಿದೋರಿಗೆ ಮಾತ್ರ ಹೊಳೆಯೋದು ಅದು."

ಹೇಳಿ ಮೇಲೆ ಹೋದರು. ಅವರು ಏನೂ ಗೊತ್ತಿಲ್ಲದೆ ಹೊಗಳಿದರೋ, ಎಲ್ಲ ಗೊತ್ತಿದ್ದು ನನ್ನ ಬಾಯಿ ಮುಚ್ಚಿಸಿದರೋ ನನಗೆ ತಿಳಿಯಲಿಲ್ಲ. ಬೇರೆಯವರಾಗಿದ್ದರೆ ದನಿಯಿಂದ ತಿಳಿಯುತ್ತಿತ್ತು. ಅವರ ದನಿಯಲ್ಲಿ ಯಾವುದು ಪ್ರೀತಿ, ಯಾವುದು ಕುಹಕ ಎಂಬುದು ಹನ್ನೊಂದು ವರ್ಷ ಅದರ ಕೆಳಗೇ ಮಲಗಿ ಎದ್ದರೂ ನನಗೆ ಗೊತ್ತಾಗಲೇ ಇಲ್ಲ.